ಮಂಜರಾಬಾದ್ ಕೋಟೆಯ ಮೇಲೆ ಒಂದು ಪ್ರಶ್ನೆ: ಮಕ್ಕಳ ಪುಸ್ತಕಗಳಲ್ಲಿ ಟಿಪ್ಪು



ಮನೆಯ ಮಗುವಿನ ಚೀಲದಿಂದ ಸಮಾಜ ವಿಜ್ಞಾನದ ಪುಸ್ತಕ ತೆಗೆದು, ಟಿಪ್ಪು ಸುಲ್ತಾನನ ಪಾಠ ಇದೆಯೋ ಇಲ್ಲವೋ ಎಂದು ನೀವು ಎಂದಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ಎಷ್ಟು ಪುಟ ಉಳಿದಿದೆ ಎಂದು ಎಣಿಸಿಯೂ ಇದ್ದೇನೆ. ಪುಟಗಳು ಇವೆ ಎಂದು ಖಚಿತವಾದ ಮೇಲೆ ನೆಮ್ಮದಿಯಿಂದ ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದ್ದೇನೆ. ಆ ಪುಟಗಳಲ್ಲಿ ಏನು ಬರೆದಿದೆ, ಅದು ಬರೆದವರಿಗೆ ಹೇಗೆ ಗೊತ್ತಾಯಿತು ಎಂದು ಕೇಳುವ ಗೋಜಿಗೆ ಹೋಗಲಿಲ್ಲ. ಆ ಪ್ರಶ್ನೆ ಕೇಳಿದವರು ನಮ್ಮ ಹೊಂಗಡಹಳ್ಳದ ಮಕ್ಕಳು. ಅವರಿಂದ ನಾನು ಕಲಿತದ್ದನ್ನು ಹೇಳಬೇಕೆಂದೇ ಈ ಲೇಖನ.

ಮೊದಲು ಇತ್ತೀಚಿನ ಇತಿಹಾಸವನ್ನು ನೆನಪು ಮಾಡಿಕೊಳ್ಳೋಣ. 2015ರಲ್ಲಿ ರಾಜ್ಯ ಸರ್ಕಾರ ಟಿಪ್ಪು ಜಯಂತಿಯನ್ನು ಆರಂಭಿಸಿತು. 2019ರ ಜುಲೈನಲ್ಲಿ ಹೊಸ ಸರ್ಕಾರ ಅದನ್ನು ನಿಲ್ಲಿಸಿತು. ಅದೇ ವರ್ಷ ಪಠ್ಯಪುಸ್ತಕದಿಂದಲೂ ಟಿಪ್ಪುವನ್ನು ತೆಗೆಯಬೇಕೆಂದು ಆಗ ಮಡಿಕೇರಿಯ ಶಾಸಕರಾಗಿದ್ದ ಅಪ್ಪಚ್ಚು ರಂಜನ್ ಶಿಕ್ಷಣ ಸಚಿವರಿಗೆ ಪತ್ರ ಬರೆದರು. ಅದನ್ನು ಪರಿಶೀಲಿಸಿದ ಸಮಿತಿ, ಟಿಪ್ಪುವನ್ನು ಬಿಟ್ಟು ಮೈಸೂರಿನ ಚರಿತ್ರೆ ಹೇಳಲಾಗದು ಎಂಬ ಅಭಿಪ್ರಾಯ ಕೊಟ್ಟಿತು. 2020ರ ಜುಲೈನಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, ಪಠ್ಯದ ಹೊರೆ ಇಳಿಸುವ ಪಟ್ಟಿಯಲ್ಲಿ ಏಳನೇ ತರಗತಿಯ ಹೈದರಾಲಿ ಮತ್ತು ಟಿಪ್ಪುವಿನ ಭಾಗ ಕಾಣಿಸಿಕೊಂಡಿತು. ಗದ್ದಲವಾದೊಡನೆ ಆ ಪಟ್ಟಿಯನ್ನು ತಡೆಹಿಡಿಯಲಾಯಿತು. 2022ರಲ್ಲಿ ರೋಹಿತ್ ಚಕ್ರತೀರ್ಥರ ಸಮಿತಿಯ ಪರಿಷ್ಕರಣೆಯ ಮೇಲೆ ನಾಡಿನಲ್ಲೆಲ್ಲ ಜಗಳ ನಡೆಯಿತು. 2023ರ ಜೂನ್‌ನಲ್ಲಿ ಮತ್ತೊಂದು ಸರ್ಕಾರ ಬಂದು ಹೆಡಗೇವಾರ್, ಸಾವರ್ಕರರ ಪಾಠಗಳನ್ನು ಕೈಬಿಟ್ಟು, ಸಾವಿತ್ರಿಬಾಯಿ ಫುಲೆಯವರ ಪಾಠವನ್ನೂ ನೆಹರೂ ತಮ್ಮ ಮಗಳಿಗೆ ಬರೆದ ಪತ್ರವನ್ನೂ ಸೇರಿಸಲು ತೀರ್ಮಾನಿಸಿತು. ಹೀಗೆ ಸರ್ಕಾರ ಬದಲಾದಂತೆ ಪಾಠ ಬದಲಾಗುವುದನ್ನು ಒಂದೇ ತಲೆಮಾರಿನ ಮಕ್ಕಳು ಕಣ್ಣಾರೆ ಕಂಡರು. ಅಣ್ಣ ಓದಿದ ಪುಸ್ತಕವನ್ನು ತಮ್ಮ ಓದಲಿಲ್ಲ.

ಇದಕ್ಕೆ ನಾವು ಕೊಟ್ಟ ಉತ್ತರವೇನು? ಅವರು ಹತ್ತು ಸಾಲು ಕಡಿಮೆ ಮಾಡಿದರೆ ನಾವು ನಮ್ಮ ಸ್ಮರಣ ಸಂಚಿಕೆಗಳಲ್ಲಿ ಇಪ್ಪತ್ತು ಸಾಲು ಹೆಚ್ಚು ಬರೆದೆವು. ಹುಲಿ, ಖಡ್ಗ, ರಾಕೆಟ್, ಶೃಂಗೇರಿಯ ಪತ್ರಗಳು. ನಾನೂ ಅಂಥ ಲೇಖನಗಳನ್ನು ಬರೆದವನೇ, ಆದ್ದರಿಂದ ಬೇರೆಯವರನ್ನು ದೂರುವ ಹಕ್ಕು ನನಗಿಲ್ಲ. ಆದರೆ ಒಂದು ಭಾನುವಾರ ನಮ್ಮೂರ ಹನ್ನೆರಡು ಮಕ್ಕಳನ್ನು ಬಸ್ಸು ಹತ್ತಿಸಿ ಮಂಜರಾಬಾದ್ ಕೋಟೆಗೆ ಕರೆದುಕೊಂಡು ಹೋದ ದಿನ ನನ್ನ ಆ ಲೇಖನಗಳೆಲ್ಲ ಸ್ವಲ್ಪ ಹಗುರವಾಗಿ ಕಂಡವು.

ಕೋಟೆಯನ್ನು ನೀವು ಬಲ್ಲಿರಿ. ಸಕಲೇಶಪುರ ದಾಟಿ ಮಂಗಳೂರಿನ ಹೆದ್ದಾರಿಯಲ್ಲಿ ದೋಣಿಗಾಲ್ ಹತ್ತಿರ ಮೆಟ್ಟಿಲು ಹತ್ತಿದರೆ ಗುಡ್ಡದ ನೆತ್ತಿಯಲ್ಲಿ ಎಂಟು ಮೂಲೆಯ ನಕ್ಷತ್ರದಂತೆ ಕೂತಿದೆ. ಟಿಪ್ಪು ಕಟ್ಟಿಸಿದ್ದು, ಕಾಲ 1792ರ ಸುಮಾರು. ಮೂಲೆ ಮೂಲೆ ಚಾಚಿಕೊಂಡ ಈ ಬಗೆಯ ಕೋಟೆ ಯುರೋಪಿನಲ್ಲಿ, ಅದರಲ್ಲೂ ಫ್ರೆಂಚರಲ್ಲಿ, ಬಳಕೆಯಲ್ಲಿದ್ದ ವಿನ್ಯಾಸ. ಯಾವ ಗೋಡೆಗೆ ಶತ್ರು ಬಂದರೂ ಪಕ್ಕದ ಮೂಲೆಯಿಂದ ಅವನ ಮೇಲೆ ಗುಂಡು ಹಾರಿಸಬಹುದು. ನಡುವೆ ಶಿಲುಬೆಯಾಕಾರದ ಮೆಟ್ಟಿಲುಬಾವಿ, ಪಕ್ಕದಲ್ಲಿ ಮದ್ದುಗುಂಡು ಇಡಲೆಂದು ನೆಲಮಟ್ಟದ ಕೆಳಗಿನ ತಂಪು ಕೋಣೆಗಳು.

ನಾನು ರೂಢಿಯಂತೆ ಹೆಸರಿನ ಕಥೆ ಹೇಳಿದೆ. ಕೋಟೆ ನೋಡಲು ಸುಲ್ತಾನ ಬಂದಾಗ ದಟ್ಟ ಮಂಜು ಕವಿದಿತ್ತಂತೆ, ಆದ್ದರಿಂದ 'ಮಂಜಿನ ಆಬಾದ್', ಮಂಜರಾಬಾದ್. ಬ್ರಿಟಿಷ್ ಕಾಲದ ಗೆಜೆಟಿಯರಿನಲ್ಲೂ ಈ ಕಥೆಯಿದೆ, ಪ್ರವಾಸಿಗಳಿಗೆ ಹೇಳುವವರೆಲ್ಲ ಇದನ್ನೇ ಹೇಳುತ್ತಾರೆ. ಅಂದು ನಿಜಕ್ಕೂ ಮಂಜಿತ್ತು, ಆದ್ದರಿಂದ ಕಥೆ ಚೆನ್ನಾಗಿ ಒಗ್ಗಿತು. ಆಗ ಎಂಟನೇ ತರಗತಿಯ ಹುಡುಗಿಯೊಬ್ಬಳು, "ಸಾರ್, ಮದ್ರಸದಲ್ಲಿ ಉರ್ದು ಉಸ್ತಾದ್ 'ಮಂಜರ್' ಅಂದ್ರೆ ನೋಟ, ದೃಶ್ಯ ಅಂತ ಹೇಳಿಕೊಟ್ಟಿದ್ದಾರೆ. ಇಲ್ಲಿಂದ ನೋಟ ಚೆನ್ನಾಗಿದೆ ಅಂತ ಇಟ್ಟಿರಬಾರದಾ?" ಎಂದಳು. ಗೌಡರ ಮನೆಯ ಹುಡುಗ ಕೂಡಲೇ, "ಇಲ್ಲ, ಮಂಜು ಕನ್ನಡ ಪದ, ಇದು ಕನ್ನಡ ನಾಡು" ಎಂದ. ಇಬ್ಬರೂ ನನ್ನ ಮುಖ ನೋಡಿದರು. ನ್ಯಾಯ ಹೇಳಬೇಕಾದವನು ನಾನು. ನನ್ನ ಬಳಿ ಉತ್ತರವಿರಲಿಲ್ಲ!

ಉತ್ತರವಿಲ್ಲದ್ದೇ ಒಳ್ಳೆಯದಾಯಿತು ಎಂದು ಈಗ ಅನಿಸುತ್ತದೆ. ಕೆಳಗೆ ಅಂಗಡಿಯ ಬೆಂಚಿನ ಮೇಲೆ ಕೂತು ನಾವು ತೂಕ ಮಾಡಿದೆವು. ಟಿಪ್ಪು ಬೇರೆ ಊರುಗಳಿಗೆ ಯಾವ ಹೆಸರಿಟ್ಟ? ದೇವನಹಳ್ಳಿಗೆ ಯೂಸುಫಾಬಾದ್, ಮಡಿಕೇರಿಗೆ ಜಾಫರಾಬಾದ್, ಮೈಸೂರಿನ ಬಳಿ ಕಟ್ಟಿಸಲು ಹೊರಟ ಹೊಸ ಊರಿಗೆ ನಜರಾಬಾದ್. ಎಲ್ಲವೂ ಪಾರ್ಸಿ, ಅರಬ್ಬಿಯ ಹೆಸರುಗಳು. ಇದು ಹುಡುಗಿಯ ಪಕ್ಷಕ್ಕೆ ಬಲ. ಆದರೆ ಸುಲ್ತಾನನ ಕನ್ನಡ ಪತ್ರವ್ಯವಹಾರವೂ ಇದೆ, ಕನ್ನಡದ ಪದ ಅವನ ಕಿವಿಗೆ ಬಿದ್ದಿರಲಿಲ್ಲ ಎನ್ನಲಾಗದು. ಇದು ಹುಡುಗನ ಪಕ್ಷಕ್ಕೆ ಬಲ. ಮಂಜಿನ ಕಥೆ ಬರೆದವರು ಕೋಟೆ ಕಟ್ಟಿ ಎಷ್ಟು ಕಾಲದ ಮೇಲೆ ಬರೆದರು? ಅವರಿಗೆ ಯಾರು ಹೇಳಿದರು? ಮಕ್ಕಳು ನೋಟುಬುಕ್ಕಿನಲ್ಲಿ ಎರಡೂ ಅರ್ಥ ಬರೆದುಕೊಂಡು ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಅವರ ಶಾಲಾಜೀವನದಲ್ಲಿ ಇತಿಹಾಸದ ನೋಟ್ಸಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಬಿದ್ದದ್ದು ಅದೇ ಮೊದಲಿರಬೇಕು.

ಮಕ್ಕಳಿಗೆ ಪ್ರಶ್ನೆ ಕೇಳಲು ಕಲಿಸುವ ಪುಸ್ತಕಗಳು ಕನ್ನಡಕ್ಕೆ ಹೊಸತಲ್ಲ. ಶಿವರಾಮ ಕಾರಂತರು 1930ರ ದಶಕದಲ್ಲೇ 'ಬಾಲ ಪ್ರಪಂಚ'ದ ಮೂರು ಸಂಪುಟಗಳನ್ನು ಒಬ್ಬರೇ ಕೂತು ಬರೆದರು. ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆ ಕಟ್ಟಿದರು. 1976ರಲ್ಲಿ, ಕುಲಪತಿಗಳಾಗಿದ್ದಾಗ, ಪವಾಡಗಳನ್ನು ಪರೀಕ್ಷಿಸುವ ಸಮಿತಿಯನ್ನೇ ಮಾಡಿದರು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಮಾಸಪತ್ರಿಕೆಯನ್ನು ಹಳ್ಳಿಯ ಶಾಲೆಗಳಲ್ಲಿ ಓದಿ ಬೆಳೆದವರು ನಮ್ಮಲ್ಲೇ ಇದ್ದಾರೆ. ಆದರೆ ಗಮನಿಸಿ, ಇದೆಲ್ಲ ವಿಜ್ಞಾನದ ಅಂಗಳದಲ್ಲಿ ನಡೆದ ಕೆಲಸ. ಗ್ರಹಣದ ಬಗ್ಗೆ ಪ್ರಶ್ನೆ ಕೇಳು ಎಂದು ಮಗುವಿಗೆ ಹೇಳುವ ನಾವು, ರಾಜರ ಬಗ್ಗೆ ಮಾತ್ರ ಹೇಳಿದ್ದನ್ನು ನಂಬು ಎನ್ನುತ್ತೇವೆ. ಅದರಲ್ಲೂ 'ನಮ್ಮ' ರಾಜನ ಬಗ್ಗೆ.

ಟಿಪ್ಪುವಿನ ಹೆಸರಿನಲ್ಲಿ ಮಕ್ಕಳಿಗೆ ರಾಜಕೀಯ ಉಣಿಸುವ ಕೆಲಸ ಶುರುವಾದದ್ದು ನಮ್ಮ ಕಾಲದಲ್ಲಲ್ಲ, ನಮ್ಮ ದೇಶದಲ್ಲೂ ಅಲ್ಲ. ಈ ಸಂಗತಿ ನನಗೆ ತುಂಬ ಕುತೂಹಲದ್ದು, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

1792ರಲ್ಲಿ ಮೂರನೇ ಮೈಸೂರು ಯುದ್ಧ ಸೋತ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡಕ್ಕೆ ಒಪ್ಪಿದ, ಮತ್ತು ಒಪ್ಪಂದದ ಒತ್ತೆಯಾಗಿ ತನ್ನ ಇಬ್ಬರು ಮಕ್ಕಳನ್ನು ಕಳಿಸಿದ. ಅಬ್ದುಲ್ ಖಾಲಿಕ್‌ನಿಗೆ ಹತ್ತರ ಆಸುಪಾಸು, ಮುಯಿಜುದ್ದೀನ್‌ನಿಗೆ ಎಂಟು. ನಮ್ಮ ಮೂರನೇ, ಐದನೇ ತರಗತಿಯ ಮಕ್ಕಳ ವಯಸ್ಸು! ಲಾರ್ಡ್ ಕಾರ್ನ್‌ವಾಲಿಸ್ ಅವರನ್ನು ಬರಮಾಡಿಕೊಂಡ ದೃಶ್ಯವನ್ನು ಇಂಗ್ಲಿಷ್ ಚಿತ್ರಕಾರರು ಮತ್ತೆ ಮತ್ತೆ ಬರೆದರು. ರಾಬರ್ಟ್ ಹೋಮ್ ಬರೆದ ಚಿತ್ರ ಪ್ರಸಿದ್ಧ. ಅಚ್ಚಾಗಿ ಇಂಗ್ಲೆಂಡಿನ ಮನೆಗಳನ್ನು ಸೇರಿದ ಇಂಥ ಚಿತ್ರಗಳಲ್ಲಿ ಕಾರ್ನ್‌ವಾಲಿಸ್ ಪ್ರೀತಿಯ ತಂದೆಯಂತೆ ಮಕ್ಕಳ ಕೈ ಹಿಡಿಯುತ್ತಾನೆ. ಮಕ್ಕಳನ್ನು ಹೆತ್ತವರಿಂದ ಬಿಡಿಸಿ ತಂದವನೂ ಅವನೇ ಎಂಬುದು ಚಿತ್ರ ನೋಡುವವರ ಮನಸ್ಸಿಗೆ ಬರುವುದೇ ಇಲ್ಲ. ಆ ಮಕ್ಕಳು ತಂದೆಯನ್ನು ಮತ್ತೆ ಕಂಡದ್ದು 1794ರಲ್ಲಿ.

ಇದಾಗಿ ನೂರು ವರ್ಷದ ಮೇಲೆ, 1896ರಲ್ಲಿ, ಜಿ. ಎ. ಹೆಂಟಿ ಎಂಬ ಇಂಗ್ಲಿಷ್ ಲೇಖಕ 'ದಿ ಟೈಗರ್ ಆಫ್ ಮೈಸೂರ್' ಎಂಬ ಪುಸ್ತಕವನ್ನು ಹುಡುಗರಿಗಾಗಿಯೇ ಬರೆದ. ಇಂಥ ಸಾಹಸ ಕಥೆಗಳನ್ನು ನೂರಕ್ಕೂ ಹೆಚ್ಚು ಬರೆದವನು ಆತ. ಇದರಲ್ಲಿ ಡಿಕ್ ಎಂಬ ಹುಡುಗ ಟಿಪ್ಪುವಿನ ರಾಜ್ಯದಲ್ಲಿ ಸೆರೆಯಲ್ಲಿರುವ ತನ್ನ ತಂದೆಯನ್ನು ಹುಡುಕಿಕೊಂಡು ಬರುತ್ತಾನೆ. ಟಿಪ್ಪು ಇಲ್ಲಿ ಕ್ರೂರಿ, ಬ್ರಿಟಿಷರು ಬಂದು ಬಿಡಿಸುವ ಪುಣ್ಯವಂತರು. ದೊಡ್ಡವನಾದ ಮೇಲೆ ಸಾಮ್ರಾಜ್ಯದ ನೌಕರಿಗೆ ಬರಬೇಕಾದ ಹುಡುಗನ ಮನಸ್ಸನ್ನು ಹದ ಮಾಡಲು ಇಂಥ ಪುಸ್ತಕಗಳು ಒದಗಿದವು. ಆದರೆ ಸಮುದ್ರದ ಆಚೆ ದಡದಲ್ಲಿ, ಇಂಗ್ಲಿಷರೊಂದಿಗೆ ಹಳೆಯ ಹಗೆಯಿದ್ದ ಫ್ರಾನ್ಸಿನಲ್ಲಿ, ಜೂಲ್ಸ್ ವರ್ನ್ ಇಪ್ಪತ್ತು ವರ್ಷ ಮೊದಲೇ ಬೇರೆ ಕಥೆ ಹೇಳಿದ್ದ. ಅವನ ಪ್ರಸಿದ್ಧ ಕ್ಯಾಪ್ಟನ್ ನೆಮೊ, ಜಲಾಂತರ್ಗಾಮಿಯ ಒಡೆಯ, ಯಾರೆಂದು 1874–75ರಲ್ಲಿ ಬಂದ 'ದಿ ಮಿಸ್ಟೀರಿಯಸ್ ಐಲ್ಯಾಂಡ್' ಎಂಬ ಕಾದಂಬರಿಯಲ್ಲಿ ಗೊತ್ತಾಗುತ್ತದೆ. ಬುಂದೇಲಖಂಡದ ರಾಜಕುಮಾರ ಡಕ್ಕರ್, 1857ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದವನು, ಮತ್ತು ಟಿಪ್ಪುವಿನ ಸೋದರ ಸಂಬಂಧಿ! ಫ್ರೆಂಚ್ ಮಕ್ಕಳಿಗೆ ಟಿಪ್ಪು ವೀರರ ವಂಶದವನು, ಇಂಗ್ಲಿಷ್ ಮಕ್ಕಳಿಗೆ ರಾಕ್ಷಸ.

ನಮ್ಮ ಮಕ್ಕಳಿಗೆ ಈ ಎರಡು ಕಥೆಗಳನ್ನು ಒಂದರ ಪಕ್ಕ ಒಂದಿಟ್ಟು ಹೇಳಿದೆ. ಒಬ್ಬ ಹುಡುಗ, "ಬುಂದೇಲಖಂಡದ ರಾಜನ ಮಗ ಟಿಪ್ಪುವಿಗೆ ಹೇಗೆ ಸಂಬಂಧಿ?" ಎಂದು ಕೇಳಿದ. ಹೌದು, ಹೇಗೆ? ವರ್ನ್ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ. ಅವನಿಗೆ ಬೇಕಿದ್ದದ್ದು ಇಂಗ್ಲಿಷರನ್ನು ಹೆದರಿಸಿದ ಒಂದು ಹೆಸರು. ಇನ್ನೊಬ್ಬಳು, "ಎರಡು ಪುಸ್ತಕದಲ್ಲೂ ಟಿಪ್ಪು ಬೇಕಾದದ್ದು ಅವರವರ ಜಗಳಕ್ಕೆ" ಎಂದಳು. ನಾನು ಒಂದು ಗಂಟೆ ಮಾತಾಡಿದರೂ ಅಷ್ಟು ಚುಟುಕಾಗಿ ಹೇಳುತ್ತಿರಲಿಲ್ಲ.

ಇನ್ನು ನಮ್ಮ ನೆಲದ ಸಾಕ್ಷ್ಯಕ್ಕೆ ಬರೋಣ. 1791ರಲ್ಲಿ ಪರಶುರಾಮ ಭಾವುವಿನ ಮರಾಠಾ ದಂಡಿನವರು ಶೃಂಗೇರಿ ಮಠವನ್ನು ಲೂಟಿ ಮಾಡಿದರು. ಆಗ ಟಿಪ್ಪು ಮಠದ ಸ್ವಾಮಿಗಳಿಗೆ ಗೌರವದ ಪತ್ರ ಬರೆದು, ದೇವಿಯ ಪುನಃಪ್ರತಿಷ್ಠೆಗೆ ಹಣ ಮತ್ತು ಸಾಮಗ್ರಿ ಕೊಡುವಂತೆ ಬಿದನೂರಿನ ಅಧಿಕಾರಿಗೆ ಆಜ್ಞೆ ಮಾಡಿದ. ಆ ಕನ್ನಡ ಪತ್ರಗಳು 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದವು. ನಮ್ಮ ಸಂಚಿಕೆಗಳಲ್ಲಿ ಇದನ್ನು ನೀವು ಹತ್ತು ಬಾರಿ ಓದಿದ್ದೀರಿ. ನಾವು ಬರೆಯದೆ ಬಿಟ್ಟದ್ದು ಮುಂದಿನದು.

1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಟಿಪ್ಪು ಸೆರೆಹಿಡಿಸಿ ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಬಹಳ ಮಂದಿ. ನಮ್ಮ ಬೆಟ್ಟಗಳ ಆಚೆಯ ಕೊಡಗಿನಿಂದಲೂ ಜನರನ್ನು ಹಿಡಿದೊಯ್ಯಲಾಯಿತು. ಇದು ಬರಿಯ ಬ್ರಿಟಿಷರ ಕಟ್ಟುಕಥೆ ಎಂದು ಹೇಳಿ ಮುಗಿಸುವ ಹಾಗಿಲ್ಲ, ಏಕೆಂದರೆ ಟಿಪ್ಪುವಿನ ಪತ್ರಗಳಲ್ಲೇ ಅದರ ಮಾತಿದೆ. ಆ ಪತ್ರಗಳನ್ನು 1811ರಲ್ಲಿ ಇಂಗ್ಲಿಷಿಗೆ ತಂದ ಕರ್ಕ್‌ಪ್ಯಾಟ್ರಿಕ್ ಟಿಪ್ಪುವಿನ ಮೇಲೆ ಪ್ರೀತಿಯಿದ್ದವನಲ್ಲ, ಬೇಕಾದ್ದನ್ನು ಆರಿಸಿ ಅಚ್ಚು ಹಾಕಿದ ಎಂದು ಹೇಳಬಹುದು, ಹೇಳಬೇಕು ಕೂಡ. ಆದರೂ ಶೃಂಗೇರಿಯ ಪತ್ರ ಸಾಕ್ಷ್ಯವಾದರೆ ಇವೂ ಸಾಕ್ಷ್ಯವೇ. ಒಂದು ಪತ್ರವನ್ನು ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕಿ, ಇನ್ನೊಂದನ್ನು ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ನಮ್ಮ ಮಕ್ಕಳು ಒಂದು ದಿನ ಪೆಟ್ಟಿಗೆ ತೆರೆದೇ ತೆರೆಯುತ್ತಾರೆ. ಕೊಡವ ಗೆಳೆಯನೊಬ್ಬ ಕಾಲೇಜಿನಲ್ಲಿ ಅದನ್ನು ಅವರ ಮುಂದೆ ಹಿಡಿದಾಗ ಅವರು ಏನು ಮಾಡಬೇಕು? ಅವನು ಸುಳ್ಳುಗಾರ ಎನ್ನಬೇಕೇ, ಅಥವಾ ಅಪ್ಪ ಸುಳ್ಳುಗಾರ ಎಂದುಕೊಳ್ಳಬೇಕೇ?

ಹಿಡಿದೊಯ್ದವರ ಸಂಖ್ಯೆಯ ಬಗ್ಗೆ ಮಾತ್ರ ಎಚ್ಚರ ಬೇಕು. ಒಂದು ಪುಸ್ತಕದಿಂದ ಇನ್ನೊಂದು ಪುಸ್ತಕಕ್ಕೆ ಅದು ಸಾವಿರಗಟ್ಟಲೆ ಏರಿಳಿಯುತ್ತದೆ. ಇಲ್ಲಿ ನಮಗೆ ನೆರವಾಗುವವನು ಇಬ್ನ್ ಖಲ್ದೂನ್. ಟ್ಯುನಿಸ್‌ನಲ್ಲಿ 1332ರಲ್ಲಿ ಹುಟ್ಟಿದ ಆ ಮಹಾ ವಿದ್ವಾಂಸ 1377ರಲ್ಲಿ ಬರೆದ 'ಮುಕದ್ದಿಮ'ದ ಆರಂಭದಲ್ಲೇ ಇತಿಹಾಸಕಾರರ ತಪ್ಪುಗಳನ್ನು ಎತ್ತಿ ತೋರಿಸುತ್ತಾನೆ. ಪ್ರವಾದಿ ಮೂಸಾರ ಸೈನ್ಯದಲ್ಲಿ ಆರು ಲಕ್ಷಕ್ಕೂ ಹೆಚ್ಚು ಮಂದಿ ಇದ್ದರು ಎಂದು ಹೆಸರಾಂತ ಇತಿಹಾಸಕಾರ ಅಲ್ ಮಸೂದಿ ಬರೆದದ್ದನ್ನು ಅವನು ಒಪ್ಪುವುದಿಲ್ಲ. ಅಷ್ಟು ಜನ ಯುದ್ಧಭೂಮಿಯಲ್ಲಿ ನಿಲ್ಲಲು ಜಾಗವೆಲ್ಲಿ? ಒಂದು ತುದಿಯವರಿಗೆ ಇನ್ನೊಂದು ತುದಿಯಲ್ಲಿ ಏನಾಯಿತೆಂದು ಗೊತ್ತಾಗುವುದು ಹೇಗೆ? ಹೇಳಿದವನು ದೊಡ್ಡವನು, ಹೇಳಿದ್ದು ನಮ್ಮವರ ಬಗ್ಗೆ ಎಂಬ ಕಾರಣಕ್ಕೆ ಅವನು ಸುಮ್ಮನಾಗಲಿಲ್ಲ. ಈ ಒರೆಗಲ್ಲಿಗೆ ಕೊಡಗಿನ ಸಂಖ್ಯೆಯನ್ನೂ ಹಚ್ಚಿ ನೋಡಬಹುದು. ಟಿಪ್ಪುವಿನ ಗೆಲುವುಗಳ ಬಗ್ಗೆ ನಾವು ಹೇಳಿಕೊಳ್ಳುವ ಸಂಖ್ಯೆಗಳನ್ನೂ ಹಚ್ಚಿ ನೋಡಬೇಕು. ಸಂಖ್ಯೆ ಸಂದೇಹದ್ದಾದರೆ ಸೆರೆಯೇ ಸುಳ್ಳಾಗುವುದಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಅಲ್ಲಿ ಜಾರುವುದು ಬಹಳ ಸುಲಭ.

ನಮ್ಮ ಸೀಮೆಯದೇ ಒಂದು ಕಥೆಯಿದೆ. ಪಠ್ಯಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ, ನನಗೋ ಅದೇ ಎಲ್ಲಕ್ಕಿಂತ ಒಳ್ಳೆಯ ಪಾಠ ಅನಿಸುತ್ತದೆ. ಮಂಜರಾಬಾದ್ ಸೀಮೆಯನ್ನು ಆಗ ಬಲಂ ಎನ್ನುತ್ತಿದ್ದರು, ಐಗೂರಿನ ಪಾಳೇಗಾರರು ಆಳುತ್ತಿದ್ದರು. ಟಿಪ್ಪುವಿನ ಮೇಲೆ ಮರಾಠರು ಬಂದಾಗ ಪಾಳೇಗಾರ ಕೃಷ್ಣಪ್ಪ ನಾಯಕ ಪರಶುರಾಮ ಭಾವುವಿನ ಕಡೆ ಸೇರಿದ. ಶೃಂಗೇರಿಯನ್ನು ಲೂಟಿ ಮಾಡಿದ ಅದೇ ದಂಡಿನ ಸೇನಾನಿ! ಯುದ್ಧ ಮುಗಿದಾಗ ಟಿಪ್ಪುವಿನ ಸಿಟ್ಟಿಗೆ ಹೆದರಿ ಕೊಡಗಿಗೆ ಓಡಿದ. ಟಿಪ್ಪು ಅವನನ್ನು ಮರಳಿ ಕರೆಸಿ ಐಗೂರು ಸೀಮೆಯನ್ನು ಅವನಿಗೇ ಕೊಟ್ಟು, ಉಳಿದದ್ದನ್ನು ತಾನು ಇಟ್ಟುಕೊಂಡ ಎಂದು ಗೆಜೆಟಿಯರ್ ಹೇಳುತ್ತದೆ. 1799ರ ಮೇ 4ರಂದು ಟಿಪ್ಪು ಶ್ರೀರಂಗಪಟ್ಟಣದಲ್ಲಿ ಹೋರಾಡುತ್ತ ಸತ್ತ. ಆಮೇಲೆ ಬಲಂ ಪಾಳೇಗಾರ ಕಂಪನಿಗೆ ತಲೆಬಾಗಲು ಒಪ್ಪಲಿಲ್ಲ. ಮುಂದೆ ವೆಲಿಂಗ್ಟನ್ ಡ್ಯೂಕ್ ಆದ ಆರ್ಥರ್ ವೆಲ್ಲೆಸ್ಲಿ ದಂಡು ಕಟ್ಟಿಕೊಂಡು ಈ ಕಾಡುಗಳಿಗೆ ಬಂದ, 1802ರಲ್ಲಿ ಪಾಳೇಗಾರನನ್ನು ಹಿಡಿದು ಗಲ್ಲಿಗೇರಿಸಲಾಯಿತು.

ಈ ಕಥೆಯಲ್ಲಿ ಹಿಂದೂ ಯಾರ ಕಡೆ, ಮುಸ್ಲಿಂ ಯಾರ ಕಡೆ? ದೇಶಪ್ರೇಮಿ ಯಾರು, ದ್ರೋಹಿ ಯಾರು? ಮಕ್ಕಳು ಕಪ್ಪುಹಲಗೆಯ ಮೇಲೆ ಎರಡು ಕಾಲಂ ಎಳೆದು ಹೆಸರುಗಳನ್ನು ಹಾಕಲು ನೋಡಿದರು. ಪಾಳೇಗಾರರನ್ನು ಆ ಕಾಲಮಿನಿಂದ ಈ ಕಾಲಮಿಗೆ ಮೂರು ಸಲ ಒರೆಸಿ ಬರೆದು, ಕಡೆಗೆ ನಡುವಿನ ಗೆರೆಯನ್ನೇ ಒರೆಸಿಬಿಟ್ಟರು.

ಪುರಾವೆ ಕೇಳುವ ಧೈರ್ಯ ಒಂದು ಸಮುದಾಯದ ಸ್ವತ್ತಲ್ಲ ಎನ್ನಲು 2023ರ ಮಾರ್ಚ್ ತಿಂಗಳು ಸಾಕು. ಟಿಪ್ಪುವನ್ನು ಕೊಂದವರು ಬ್ರಿಟಿಷರಲ್ಲ, ಉರಿಗೌಡ ಮತ್ತು ನಂಜೇಗೌಡ ಎಂಬ ಇಬ್ಬರು ಒಕ್ಕಲಿಗ ವೀರರು ಎಂಬ ಪ್ರಚಾರ ಚುನಾವಣೆಯ ಮುನ್ನ ಹಬ್ಬಿತು. ಮಂಡ್ಯದಲ್ಲಿ ಅವರ ಹೆಸರಿನ ಕಮಾನು ಎದ್ದು, ಮತ್ತೆ ಮಾಯವಾಯಿತು. ಸಿನಿಮಾ ಮಾಡುವ ಘೋಷಣೆಯೂ ಆಯಿತು. ಆಗ ಆದಿಚುಂಚನಗಿರಿಯ ನಿರ್ಮಲಾನಂದನಾಥ ಸ್ವಾಮೀಜಿಯವರು ಇದಕ್ಕೆ ಐತಿಹಾಸಿಕ ಆಧಾರವೆಲ್ಲಿ ಎಂದು ಕೇಳಿ, ಸಿನಿಮಾ ಕೈಬಿಡುವಂತೆ ಹೇಳಿದರು. ನಿರ್ಮಾಪಕರು ಕೈಬಿಟ್ಟರು. ತಮ್ಮದೇ ಸಮುದಾಯಕ್ಕೆ ಇಬ್ಬರು ವೀರರು ಪುಕ್ಕಟೆಯಾಗಿ ಸಿಗುತ್ತಿದ್ದಾಗ ಬೇಡ ಎನ್ನುವುದು ಸಣ್ಣ ಮಾತಲ್ಲ. ಅಂಥ ಮಾತನ್ನು ನಾವು ನಮ್ಮ ಸಭೆಗಳಲ್ಲಿ ಎಷ್ಟು ಸಲ ಆಡಿದ್ದೇವೆ?

ಮಕ್ಕಳಿಗೆ ಹೀಗೆ ಕಲಿಸಿದರೆ ಅಭಿಮಾನ ಕುಂದುತ್ತದೆ ಎಂದು ಸಂಘದ ಹಿರಿಯರೊಬ್ಬರು ನನ್ನನ್ನು ತಡೆದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಹೊರಗೆ ಹೆಸರು ಹಿಡಿದು ಹೀಯಾಳಿಸುವವರಿರುವಾಗ ಮನೆಯಲ್ಲೂ ಪರೀಕ್ಷೆಯೇ ಎಂದು ಅವರ ಪ್ರಶ್ನೆ. ನಾನು ಅವರಿಗೆ ನಗರದ ಬಾವಿಯ ಸಂಗತಿ ಹೇಳಿದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದ ಹಾಳುಬಾವಿಯೊಂದರ ಕೆಸರಿನಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್ಟುಗಳು ಸಿಕ್ಕವು. ಮೈಸೂರು ರಾಕೆಟ್ಟಿನ ಬಗ್ಗೆ ನಾವು ಬರೆದ ಎಷ್ಟೋ ಲೇಖನಗಳಿಗಿಂತ ಆ ಒಂದು ಬಾವಿಯ ಕೆಸರಿಗೆ ಬಲ ಹೆಚ್ಚು. ಅದನ್ನು ಯಾವ ಸಮಿತಿಯೂ ಪಠ್ಯದಿಂದ ತೆಗೆಯಲಾಗದು. ಹಿರಿಯರು ಪೂರ್ತಿ ಒಪ್ಪಲಿಲ್ಲ. ಆದರೆ ಮುಂದಿನ ಸಲ ಕೋಟೆಗೆ ಹೋಗುವಾಗ ಮಕ್ಕಳ ಬಸ್ ಚಾರ್ಜು ತಾವೇ ಕೊಡುವುದಾಗಿ ಹೇಳಿದ್ದಾರೆ.

ಈಗ ಓದುಗರಾದ ನಿಮ್ಮಿಂದ ಒಂದು ಸಹಾಯ ಬೇಕು. ನಿಮ್ಮ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ, ನಿಮ್ಮ ಅಥವಾ ನಿಮ್ಮ ತಂದೆಯವರ ಕಾಲದ ಸಮಾಜ ಪಾಠದ ಪುಸ್ತಕ, ಕಥೆಪುಸ್ತಕ, ಚಿತ್ರಕಥೆ ಏನಾದರೂ ಉಳಿದಿದ್ದರೆ ನಮ್ಮ ಮಕ್ಕಳಿಗೆ ಕೊಡಿ. ಟಿಪ್ಪುವನ್ನು ಹೊಗಳಿದ್ದಾದರೂ ಸರಿ, ತೆಗಳಿದ್ದಾದರೂ ಸರಿ, ಅಟ್ಟೆ ಹರಿದಿದ್ದರೂ ಪರವಾಗಿಲ್ಲ. ಅಚ್ಚಾದ ವರ್ಷ ಇರುವ ಪುಟ ಮಾತ್ರ ಇರಲಿ. ಒಂದೊಂದು ಕಾಲದ ಪಾಠವನ್ನು ಸಾಲಾಗಿ ಜೋಡಿಸಿ ಓದಬೇಕೆಂದು ಅವರ ಆಸೆ. ಹಾಗೆಯೇ ಐಗೂರು ಕಡೆಯ ಹಿರಿಯರಲ್ಲಿ ಯಾರಿಗಾದರೂ ಮಂಜರಾಬಾದ್ ಎಂಬ ಹೆಸರಿನ ಬಗ್ಗೆ ಮೂರನೆಯ ಕಥೆ ಗೊತ್ತಿದ್ದರೆ ಹೇಳಿ ಕಳಿಸಿ. ಅದನ್ನು ಹೇಳಿದವರು ಯಾರಿಂದ ಕೇಳಿದರು ಎಂಬುದನ್ನೂ ಬರೆದುಕೊಡಬೇಕಂತೆ. ಆ ಹುಡುಗಿಯ ಷರತ್ತು ಅದು.